ವರ್ಷಕ್ಕೆ ಒಂದೂವರೆ ಗ್ರಾಂ ವಿಷ, ಅದನ್ನು ಹಿಡಿಯೋ ತುಕ್ಕು

ಫಸ್ಟ್ ಇಯರ್ ಕೆಮಿಸ್ಟ್ರಿಯ ನ್ಯಾನೊಮೆಟೀರಿಯಲ್ಸ್ ಮಾಡ್ಯೂಲ್ ನಾವೆಲ್ಲ ಓದಿದ್ದೀವಿ. ಸೈಜ್ ಬದಲಾದರೆ ಗುಣ ಬದಲಾಗುತ್ತೆ, ಸಾಲ್-ಜೆಲ್ ಮೆಥಡ್, ಕಾರ್ಬನ್ ನ್ಯಾನೊಟ್ಯೂಬ್, ಕೊನೆಗೆ ‘ಅಪ್ಲಿಕೇಶನ್ಸ್’ ಅಂತ ಐದಾರು ಪಾಯಿಂಟು. ಅದರಲ್ಲಿ ‘ವಾಟರ್ ಪ್ಯೂರಿಫಿಕೇಶನ್’ ಅನ್ನೋದು ಒಂದು ಸಾಲು. ಬರೀತೀವಿ, ಅರ್ಧ ಮಾರ್ಕು ತಗೋತೀವಿ, ಮುಂದಕ್ಕೆ ಹೋಗ್ತೀವಿ. ಈ ಸಲ ಆ ಒಂದು ಸಾಲನ್ನೇ ಬಿಡಿಸಿ ನೋಡೋಣ ಅನ್ನಿಸಿತು. ಫೋನ್ ಡಿಸ್‌ಪ್ಲೇ, ಬ್ಯಾಟರಿ, ಕ್ಯಾನ್ಸರ್ ಔಷಧಿ ಎಲ್ಲವನ್ನೂ ಒಂದೇ ಲೇಖನದಲ್ಲಿ ತುರುಕಿದರೆ ಯಾವುದೂ ತಲೆಗೆ ಹೋಗಲ್ಲ. ಹಾಗಾಗಿ ಇಲ್ಲಿ ಒಂದೇ ವಿಷ, ಅದಕ್ಕೆ ಒಂದೇ ವಸ್ತು.

ವಿಷದ ಹೆಸರು ಆರ್ಸೆನಿಕ್. ಶಂಖಪಾಷಾಣ ಅನ್ನೋ ಮಾತನ್ನು ಅಜ್ಜಿಯರ ಬಾಯಲ್ಲಿ ಕೇಳಿದ್ದರೆ, ಅದು ಇದರ ಆಕ್ಸೈಡೇ. ನೀರಿನಲ್ಲಿ ಕರಗಿದರೆ ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ನೀರು ಕಾಯಿಸಿ ಕುಡಿಯಿರಿ ಅನ್ನೋ ಸಲಹೆ ರೋಗಾಣುಗಳಿಗೆ ಸರಿ, ಆರ್ಸೆನಿಕ್‌ಗೆ ಅಲ್ಲ. ಕುದಿಸಿದಾಗ ನೀರು ಆವಿಯಾಗುತ್ತೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತೆ, ಅಂದರೆ ಸಾಂದ್ರತೆ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತೆ. ವರ್ಷಗಟ್ಟಲೆ ಇಂಥ ನೀರು ಕುಡಿದವರ ಅಂಗೈ, ಅಂಗಾಲುಗಳಲ್ಲಿ ಚರ್ಮ ಗಂಟುಗಂಟಾಗಿ ಗಟ್ಟಿಯಾಗುತ್ತೆ, ಮೈಮೇಲೆ ಚುಕ್ಕೆಗಳು ಬರುತ್ತವೆ, ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಂದು ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 10 ಪಿಪಿಬಿ.

ಇದು ಹೆಚ್ಚಾಗಿ ಕೇಳಿಬರೋದು ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದಿಂದ. ಅಲ್ಲಿನ ಕಥೆ ಓದಿದರೆ ಬೇಜಾರಾಗುತ್ತೆ. ಕೆರೆ, ಹೊಳೆ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರು ಅಂತ ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿ ಕೊರೆದರು. ಒಳ್ಳೇ ಉದ್ದೇಶವೇ. ಆದರೆ ಆ ಅಂತರ್ಜಲದಲ್ಲಿ ಆರ್ಸೆನಿಕ್ ಇರೋದು ಗೊತ್ತಾಗಿದ್ದು ಎಷ್ಟೋ ವರ್ಷಗಳಾದ ಮೇಲೆ. ಬಂಗಾಳದ ವಿಷಯ ನಮಗ್ಯಾಕೆ ಅನ್ನೋ ಹಾಗೂ ಇಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೇ ಚಿನ್ನದ ಗಣಿಯ ಆಸುಪಾಸಿನ ಆ ಪುಟ್ಟ ಊರಲ್ಲಿ, ಇದೇ ಆರ್ಸೆನಿಕ್‌ನಿಂದ ಜನರಿಗೆ ಚರ್ಮದ ಕಾಯಿಲೆ ಬಂದದ್ದು ದಾಖಲಾಗಿದೆ. ಚಿನ್ನ ಇರುವ ಕಲ್ಲಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಇರೋದು ಸಾಮಾನ್ಯ.

ಈಗ ನಮ್ಮ ಇಂಜಿನಿಯರಿಂಗ್ ಬುದ್ಧಿ ಮೊದಲು ಹೇಳೋದು: ಆರ್‌ಒ ಹಾಕಿಸಿ. ಊರೂರಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳೋ ಶುದ್ಧ ನೀರಿನ ಘಟಕಗಳನ್ನು ನೋಡಿದ್ದೀವಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಐದು ಜನರ ಮನೆ, ಕುಡಿಯೋಕೆ ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ನೀರು ಅಂತಿಟ್ಟುಕೊಳ್ಳಿ. ನೀರಿನಲ್ಲಿ 200 ಪಿಪಿಬಿ ಆರ್ಸೆನಿಕ್, ಅಂದರೆ ಮಿತಿಯ ಇಪ್ಪತ್ತು ಪಟ್ಟು. ದಿನಕ್ಕೆ 4 ಮಿಲಿಗ್ರಾಂ, ವರ್ಷಕ್ಕೆ ಸುಮಾರು 1.46 ಗ್ರಾಂ. ಒಂದು ಚಿಟಿಕೆ! ಅದೇ ನೀರಿನ ಟಿಡಿಎಸ್ 500 ಇದ್ದರೆ, ಒಟ್ಟು ಕರಗಿದ ಲವಣಗಳು ವರ್ಷಕ್ಕೆ 3.65 ಕೆಜಿ. ಅಂದರೆ ಆರ್‌ಒ ಅನ್ನೋದು ಒಂದೂವರೆ ಗ್ರಾಂ ಕಳ್ಳನನ್ನು ಹಿಡಿಯೋಕೆ ಮೂರೂವರೆ ಕೆಜಿ ಊರವರನ್ನೆಲ್ಲ ಅರೆಸ್ಟ್ ಮಾಡೋ ಪೊಲೀಸು. ಅದಕ್ಕೆ ಕರೆಂಟು ಬೇಕು, ಪ್ರೆಶರ್ ಬೇಕು, ಹೊರಗೆ ಬಿಡೋ ವೇಸ್ಟ್ ನೀರಿನಲ್ಲಿ ಆರ್ಸೆನಿಕ್ ಇನ್ನೂ ಸಾಂದ್ರವಾಗಿ ಮತ್ತೆ ಚರಂಡಿಗೇ ಹೋಗುತ್ತೆ. ಇನ್ನು ಟಿಡಿಎಸ್ ಮೀಟರ್ ಅದ್ದಿ ‘ನೋಡಿ ಸಾರ್, ನಂಬರ್ ಕಡಿಮೆ ಆಯ್ತು’ ಅಂತ ತೋರಿಸ್ತಾರಲ್ಲ, ಆ ಮೀಟರಿಗೆ ಆರ್ಸೆನಿಕ್ ಕಾಣೋದೇ ಇಲ್ಲ. 500 ಮಿಲಿಗ್ರಾಂ ಮಧ್ಯೆ 0.2 ಮಿಲಿಗ್ರಾಂ ಹೆಚ್ಚಾದರೂ ಕಡಿಮೆಯಾದರೂ ಅದಕ್ಕೆ ಒಂದೇ.

ಹಾಗಾದರೆ ಬೇಕಾಗಿರೋದು ಮಿಕ್ಕಿದ್ದನ್ನೆಲ್ಲ ಬಿಟ್ಟು ಆರ್ಸೆನಿಕ್ ಒಂದನ್ನೇ ಹಿಡಿದುಕೊಳ್ಳೋ ವಸ್ತು. ಅಂಥದ್ದು ಪ್ರಕೃತಿಯಲ್ಲೇ ಇದೆ: ತುಕ್ಕು. ಕಬ್ಬಿಣದ ಆಕ್ಸೈಡು, ಹೈಡ್ರಾಕ್ಸೈಡುಗಳ ಮೇಲ್ಮೈಯಲ್ಲಿರೋ ಓಎಚ್ ಗುಂಪುಗಳಿಗೆ ಆರ್ಸೆನಿಕ್ ನೇರವಾಗಿ ಕೆಮಿಕಲ್ ಬಾಂಡ್ ಮಾಡಿಕೊಂಡು ಅಂಟುತ್ತೆ. ತಮಾಷೆ ಅಂದರೆ ಬಂಗಾಳದ ನೀರಿಗೆ ಆರ್ಸೆನಿಕ್ ಬಂದಿದ್ದೂ ಇದರಿಂದಲೇ. ಹಿಮಾಲಯದಿಂದ ನದಿಗಳು ಹೊತ್ತು ತಂದ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಆರ್ಸೆನಿಕ್ಕನ್ನು ಹಿಡಿದುಕೊಂಡೇ ಇತ್ತು. ನೆಲದಾಳದಲ್ಲಿ ಆಕ್ಸಿಜನ್ ಇಲ್ಲದ ಕಡೆ ಬ್ಯಾಕ್ಟೀರಿಯಾಗಳು ಆ ಕಬ್ಬಿಣವನ್ನು ಕರಗಿಸಿದಾಗ ಆರ್ಸೆನಿಕ್ ಕೈಬಿಟ್ಟು ನೀರಿಗೆ ಸೇರಿತು. ಅದನ್ನು ವಾಪಸ್ ಕಬ್ಬಿಣಕ್ಕೇ ಹಿಡಿಸೋದು ನಮ್ಮ ಕೆಲಸ.

ಒಂದು ಕಬ್ಬಿಣದ ಮೊಳೆಯನ್ನು ಬಿಂದಿಗೆಗೆ ಹಾಕಿದರೆ ಸಾಲದಾ? ಸಾಲಲ್ಲ. ಅಂಟೋದು ಮೇಲ್ಮೈಗೆ ಮಾತ್ರ, ಒಳಗಿರೋ ಕಬ್ಬಿಣವೆಲ್ಲ ದಂಡ. ಇಲ್ಲೇ ನ್ಯಾನೊ ಬರೋದು. ಬೆಲ್ಲದ ಅಚ್ಚಿಗಿಂತ ಪುಡಿಬೆಲ್ಲ ಬೇಗ ಕರಗುತ್ತೆ ಅಂತ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು, ಅದೇ ತತ್ತ್ವ. ಒಂದು ಸೆಂಟಿಮೀಟರ್ ಘನಕ್ಕೆ ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದರೆ 1ರ ಮುಂದೆ 21 ಸೊನ್ನೆಯಷ್ಟು ತುಂಡು, ಒಟ್ಟು ಮೇಲ್ಮೈ 6,000 ಚದರ ಮೀಟರ್. ಹತ್ತಿರ ಹತ್ತಿರ ಒಂದೂವರೆ ಎಕರೆ ಜಮೀನು, ಒಂದು ಸಕ್ಕರೆ ಗಡ್ಡೆಯೊಳಗೆ. ಅಷ್ಟು ಸಣ್ಣ ಕಣದಲ್ಲಿ ಬಹುಪಾಲು ಪರಮಾಣುಗಳು ಹೊರಗಡೆಯೇ ಇರುತ್ತವೆ, ದಂಡವಾಗೋದು ಕಡಿಮೆ.

ಇದರಲ್ಲಿ ಚೆನ್ನಾಗಿ ಕೆಲಸ ಮಾಡೋದು ಫೆರಿಹೈಡ್ರೈಟ್ ಅನ್ನೋ ಖನಿಜ. ಹೆಸರು ಹೊಸದು ಅನ್ನಿಸಿದರೂ ಮುಖ ಪರಿಚಯವೇ. ಪಿಯುಸಿ ಸಾಲ್ಟ್ ಅನಾಲಿಸಿಸ್‌ನಲ್ಲಿ ಫೆರಿಕ್ ದ್ರಾವಣಕ್ಕೆ ಕ್ಷಾರ ಹಾಕಿದಾಗ ಕೆಂಗಂದು ಬಣ್ಣದ ಲೋಳೆ ಬರ್ತಿತ್ತಲ್ಲ, ರೆಕಾರ್ಡಲ್ಲಿ ‘ಫೆರಿಕ್ ಹೈಡ್ರಾಕ್ಸೈಡ್’ ಅಂತ ಬರೆದಿದ್ದು, ಬಹುಮಟ್ಟಿಗೆ ಅದೇ ಇದು. ಕಣಗಳು ಕೆಲವೇ ನ್ಯಾನೊಮೀಟರ್. ಎಕ್ಸ್‌ಆರ್‌ಡಿ ತೆಗೆದರೆ ಚೂಪು ಪೀಕ್‌ಗಳ ಬದಲು ಎರಡೇ ಎರಡು ದಪ್ಪ ಗುಡ್ಡ ಕಾಣುತ್ತೆ, ಅದಕ್ಕೇ ‘ಟು-ಲೈನ್ ಫೆರಿಹೈಡ್ರೈಟ್’ ಅಂತ ಹೆಸರು. ಕಣ ಚಿಕ್ಕದಾದಷ್ಟೂ ಪೀಕ್ ಅಗಲ ಅನ್ನೋ ಶೆರರ್ ಸೂತ್ರ ನೆನಪಿರೋರಿಗೆ ಇದು ಆಶ್ಚರ್ಯ ಅಲ್ಲ.

ಇಷ್ಟು ಸುಲಭ ಇದ್ದರೆ ಸಮಸ್ಯೆ ಯಾವಾಗಲೋ ಮುಗೀಬೇಕಿತ್ತು. ಮೂರು ತೊಡಕು ಇದೆ, ನಮಗೆ ಇಡೀ ವಿಷಯದಲ್ಲಿ ಇಷ್ಟವಾಗಿದ್ದೇ ಈ ಭಾಗ. ಮೊದಲನೇದು, ಫೆರಿಹೈಡ್ರೈಟ್ ಸ್ಥಿರ ಅಲ್ಲ. ಬಿಟ್ಟರೆ ನಿಧಾನಕ್ಕೆ ಗೋಥೈಟ್, ಹೆಮಟೈಟ್ ಆಗಿ ಮಾರ್ಪಡುತ್ತೆ, ಕಣಗಳು ದಪ್ಪಗಾಗಿ ಆ ಒಂದೂವರೆ ಎಕರೆ ಕುಗ್ಗಿಹೋಗುತ್ತೆ. ಎರಡನೇದು, ನ್ಯಾನೊ ಪುಡಿಯನ್ನು ಹಾಗೇ ನೀರಿಗೆ ಸುರಿದರೆ ಅದನ್ನು ಮತ್ತೆ ಸೋಸಿ ತೆಗೆಯೋದು ಹೇಗೆ? ಸೋಸೋ ಬಟ್ಟೆಯ ರಂಧ್ರ ಅದರ ಸಾವಿರಾರು ಪಟ್ಟು ದೊಡ್ಡದು. ಮೂರನೇದು ಸ್ವಲ್ಪ ಕೆಮಿಸ್ಟ್ರಿ. ನೀರಿನಲ್ಲಿ ಆರ್ಸೆನಿಕ್ ಎರಡು ವೇಷದಲ್ಲಿ ಇರುತ್ತೆ. +5 ಸ್ಥಿತಿಯ ಆರ್ಸೆನೇಟ್‌ಗೆ ಮಾಮೂಲಿ ನೀರಿನಲ್ಲಿ ಋಣ ವಿದ್ಯುದಂಶ ಇರುತ್ತೆ, ಹಿಡಿಯೋದು ಸುಲಭ. +3 ಸ್ಥಿತಿಯ ಆರ್ಸೆನೈಟ್‌ಗೆ ಚಾರ್ಜೇ ಇಲ್ಲ, ಬಹಳಷ್ಟು ಫಿಲ್ಟರ್‌ಗಳಲ್ಲಿ ನುಣುಚಿಕೊಂಡು ಹೋಗುತ್ತೆ, ವಿಷವೂ ಅದೇ ಜಾಸ್ತಿ. ಜೊತೆಗೆ ಪೈಪೋಟಿ ಬೇರೆ. ಪೀರಿಯಾಡಿಕ್ ಟೇಬಲ್‌ನಲ್ಲಿ ಆರ್ಸೆನಿಕ್‌ನ ಮೇಲಿನ ಮನೆ ರಂಜಕದ್ದು. ಫಾಸ್ಫೇಟ್ ಮತ್ತು ಆರ್ಸೆನೇಟ್ ನೋಡೋಕೆ ಅಣ್ಣತಮ್ಮಂದಿರ ಹಾಗೆ. ನಮ್ಮ ಜೀವಕೋಶಗಳು ಮೋಸ ಹೋಗೋದೂ ಇದಕ್ಕೇ, ಫಿಲ್ಟರಿನ ಜಾಗವನ್ನು ಫಾಸ್ಫೇಟ್ ಬಂದು ಕಬಳಿಸೋದೂ ಇದಕ್ಕೇ.

ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಕೈಹಾಕಿದ್ದು ಇಲ್ಲಿಗೆ. ಇವರು ಪಿಎಚ್‌ಡಿ ಮಾಡಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ, 2020ರಲ್ಲಿ ಪದ್ಮಶ್ರೀ ಬಂತು. ಇದಕ್ಕೂ ಮೊದಲೇ ಬೆಳ್ಳಿಯ ನ್ಯಾನೊಕಣಗಳಿಂದ ನೀರಿನಲ್ಲಿರೋ ಕೀಟನಾಶಕಗಳನ್ನು ತೆಗೆಯೋ ಫಿಲ್ಟರ್ ಮಾಡಿ ಮಾರುಕಟ್ಟೆವರೆಗೂ ತಂದಿದ್ದರು. ಆರ್ಸೆನಿಕ್‌ಗೆ ಅವರು ಹಿಡಿದ ದಾರಿ ಕೈಟೋಸಾನ್. ಸಿಗಡಿ, ಏಡಿ ಚಿಪ್ಪಿನಿಂದ ಸಿಗೋ ಪಾಲಿಮರ್ ಅದು, ಮೀನು ಉದ್ಯಮದಲ್ಲಿ ಕಸ ಅಂತ ಎಸೆಯೋದರಿಂದ ಬರುವಂಥದ್ದು. ಫೆರಿಹೈಡ್ರೈಟ್ ಕಣಗಳು ಹುಟ್ಟುವಾಗಲೇ ಈ ಕೈಟೋಸಾನ್ ಎಳೆಗಳ ಬಲೆಯೊಳಗೆ ಹುಟ್ಟೋ ಹಾಗೆ ಮಾಡಿದರು. ಬಲೆಯೊಳಗೆ ಸಿಕ್ಕಿಕೊಂಡ ಕಣಕ್ಕೆ ಬೆಳೆಯೋಕೆ ಜಾಗ ಇಲ್ಲ, ಪಕ್ಕದ ಕಣದ ಜೊತೆ ಸೇರೋಕೆ ದಾರಿ ಇಲ್ಲ. ಹಾಗಾಗಿ ಅದು ಹೆಮಟೈಟ್ ಆಗದೆ ಫೆರಿಹೈಡ್ರೈಟ್ ಆಗಿಯೇ ಉಳಿಯುತ್ತೆ. ಒಣಗಿಸಿದರೆ ಮರಳಿನ ಥರದ ಗಟ್ಟಿ ಹರಳು, ಕೈಯಲ್ಲಿ ಹಿಡೀಬಹುದು, ಕೊಳವೆಗೆ ತುಂಬಿ ನೀರು ಬಿಡಬಹುದು. ಹೊರಗೆ ಮರಳು, ಒಳಗೆ ನ್ಯಾನೊ. ಎರಡು ತೊಡಕು ಒಂದೇ ಏಟಿಗೆ. +3, +5 ಎರಡೂ ರೂಪದ ಆರ್ಸೆನಿಕ್ಕನ್ನು ಇದು ಹಿಡಿಯುತ್ತೆ ಅಂತ ಅವರು 2017ರಲ್ಲಿ ಅಡ್ವಾನ್ಸ್‌ಡ್ ಮೆಟೀರಿಯಲ್ಸ್ ಜರ್ನಲ್‌ನಲ್ಲಿ ತೋರಿಸಿದರು. ತಯಾರಿಕೆ ನೀರಿನಲ್ಲೇ, ರೂಮ್ ಟೆಂಪರೇಚರ್ ಹತ್ತಿರದಲ್ಲೇ ನಡೆಯುತ್ತೆ, ಫರ್ನೇಸ್ ಬೇಡ. ಬಳಸೋಕೆ ಕರೆಂಟೂ ಬೇಡ. ‘ಅಮೃತ್’ ಅನ್ನೋ ಹೆಸರಲ್ಲಿ ಇದು ಪಶ್ಚಿಮ ಬಂಗಾಳವೂ ಸೇರಿ ಹಲವು ಕಡೆ ಹಳ್ಳಿಗಳಲ್ಲಿ ಕೆಲಸ ಮಾಡ್ತಿದೆ, ಲಕ್ಷಾಂತರ ಜನ ಆ ನೀರು ಕುಡೀತಿದ್ದಾರೆ.

ಇದೇ ತಂಡದ 2013ರ ಕೆಲಸವನ್ನೂ ಹೇಳಬೇಕು. ಅಲ್ಲಿ ಕಬ್ಬಿಣದ ಬದಲು ಅಲ್ಯೂಮಿನಿಯಂ, ಅದೇ ಕೈಟೋಸಾನ್ ಬಲೆ, ಒಳಗೆ ಬೆಳ್ಳಿ ಕಣ. ಬೆಳ್ಳಿಯ ಅಯಾನ್‌ಗಳು ಬ್ಯಾಕ್ಟೀರಿಯಾ ಕೊಲ್ಲುತ್ತವೆ ಅನ್ನೋದು ಹಳೇ ವಿಷಯ. ಆದರೆ ನಿಜವಾದ ಬೋರ್‌ವೆಲ್ ನೀರಿನಲ್ಲಿರೋ ಲವಣಗಳು ಬೆಳ್ಳಿ ಕಣದ ಮೇಲೆ ಪಾಚಿ ಕಟ್ಟಿದ ಹಾಗೆ ಕೂತು ಅಯಾನ್ ಹೊರಗೆ ಬರದ ಹಾಗೆ ಮಾಡ್ತವೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ ಹಾಗೆ. ಬಲೆಯ ರಕ್ಷಣೆಯಲ್ಲಿಟ್ಟಾಗ ಸುಮಾರು 40 ಪಿಪಿಬಿ ಬೆಳ್ಳಿ ಮಾತ್ರ ಹದವಾಗಿ ಬಿಡುಗಡೆ ಆಗ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 100 ಪಿಪಿಬಿವರೆಗೆ ತೊಂದರೆ ಇಲ್ಲ ಅನ್ನುತ್ತೆ. ಒಂದು ಕುಟುಂಬಕ್ಕೆ ವರ್ಷದ ಖರ್ಚು ಸುಮಾರು ಎರಡೂವರೆ ಡಾಲರ್ ಅಂತ ಅವರ ಅಂದಾಜು. ನಮ್ಮ ಕ್ಯಾಂಟೀನಿನ ಒಂದು ವಾರದ ಟೀ-ಪಫ್ ಬಿಲ್ ಅದಕ್ಕಿಂತ ಜಾಸ್ತಿ ಆಗುತ್ತೆ.

ಬೇರೆಯವರೂ ಬೇರೆ ದಾರಿ ಹಿಡಿದಿದ್ದಾರೆ. ಅಮೆರಿಕದ ರೈಸ್ ಯೂನಿವರ್ಸಿಟಿಯವರು 2006ರಲ್ಲಿ 12 ನ್ಯಾನೊಮೀಟರ್ ಮ್ಯಾಗ್ನೆಟೈಟ್ ಕಣಗಳಿಗೆ ಆರ್ಸೆನಿಕ್ ಅಂಟಿಸಿ, ಕಣಗಳನ್ನು ಸಾಧಾರಣ ಆಯಸ್ಕಾಂತದಿಂದಲೇ ನೀರಿನಿಂದ ಎಳೆದು ತೆಗೆದರು. ಐಡಿಯಾ ಸೂಪರ್, ಆದರೆ ಹಳ್ಳಿ ಮನೆಗೆ ಮರಳು ತುಂಬಿದ ಕೊಳವೆಯೇ ವಾಸಿ ಅಂತ ನಮ್ಮ ಅಭಿಪ್ರಾಯ. 2025ರ ಕೆಮಿಸ್ಟ್ರಿ ನೊಬೆಲ್ ಬಂದ ಎಂಒಎಫ್‌ಗಳೂ ಇದೇ ಸಂಬಂಧಿಕರು, ಅಲ್ಲಿ ಕಣದ ಬದಲು ನ್ಯಾನೊ ಗಾತ್ರದ ಖಾಲಿ ಕೋಣೆಗಳು. ಅದರಿಂದ ಮರುಭೂಮಿ ಗಾಳಿಯಿಂದಲೇ ನೀರು ಹಿಂಡಿದ್ದಾರೆ. ಅದಕ್ಕೆ ಬೇರೆ ಲೇಖನವೇ ಬೇಕು.

ಅಂದಹಾಗೆ ನ್ಯಾನೊ ಮಾತು ಬಂದಾಗ ‘ನಮ್ಮ ಪೂರ್ವಿಕರಿಗೆ ಎಲ್ಲ ಗೊತ್ತಿತ್ತು’ ಅನ್ನೋ ವಾಟ್ಸಾಪ್ ಫಾರ್ವರ್ಡ್ ಬರದೆ ಇರಲ್ಲ. ಡಮಾಸ್ಕಸ್ ಖಡ್ಗ ಒಂದರಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಸಿಕ್ಕಿದ್ದು ನಿಜ, 2006ರಲ್ಲಿ ಜರ್ಮನಿಯವರು ತೋರಿಸಿದರು. ಆ ಖಡ್ಗಗಳಿಗೆ ದಕ್ಷಿಣ ಭಾರತದಿಂದ ಹೋಗುತ್ತಿದ್ದ ‘ವೂಟ್ಜ್’ ಉಕ್ಕು ಬಳಸುತ್ತಿದ್ದರು, ಆ ಹೆಸರು ನಮ್ಮ ‘ಉಕ್ಕು’ ಪದದಿಂದ ಬಂದದ್ದು ಅಂತಾನೂ ಹೇಳ್ತಾರೆ. ಹೆಮ್ಮೆ ಪಡೋಣ. ಆದರೆ ಒಳ್ಳೇ ಉಕ್ಕು ಮಾಡೋಕೆ ಗೊತ್ತಿರೋದು ಬೇರೆ, ಒಳಗಿನ ಟ್ಯೂಬ್ ಗೊತ್ತಿರೋದು ಬೇರೆ.

ಮತ್ತೆ ಫಿಲ್ಟರಿಗೆ ಬರೋಣ. ಅದಕ್ಕೊಂದು ಆಯಸ್ಸಿದೆ. ಅಂಟೋ ಜಾಗ ಎಲ್ಲ ತುಂಬಿದ ಮೇಲೆ ಆರ್ಸೆನಿಕ್ ಹಾಗೇ ದಾಟಿ ಬರುತ್ತೆ, ನೀರು ಮಾತ್ರ ನಿನ್ನೆಯಷ್ಟೇ ತಿಳಿಯಾಗಿ, ನಿನ್ನೆಯಷ್ಟೇ ರುಚಿಯಾಗಿರುತ್ತೆ. ಇದು ಕೆಟ್ಟ ಫಿಲ್ಟರಿಗಿಂತ ಅಪಾಯ, ಯಾಕಂದ್ರೆ ಜನ ನಂಬಿ ಕುಡೀತಾ ಇರ್ತಾರೆ. ಹಾಗಾಗಿ ಆಗಾಗ ಟೆಸ್ಟ್ ಮಾಡಲೇಬೇಕು. ಫೀಲ್ಡ್ ಕಿಟ್‌ನಲ್ಲಿ ಸತು ಮತ್ತು ಆಮ್ಲ ಹಾಕಿದರೆ ಆರ್ಸೆನಿಕ್ ಆರ್ಸೀನ್ ಅನಿಲವಾಗಿ ಮೇಲೆ ಬಂದು, ಮರ್ಕ್ಯುರಿಕ್ ಬ್ರೋಮೈಡ್ ಸವರಿದ ಕಾಗದವನ್ನು ಹಳದಿಯಿಂದ ಕಂದು ಮಾಡುತ್ತೆ. 10 ಪಿಪಿಬಿ ಹತ್ತಿರ ಆ ಬಣ್ಣ ಬಲು ತೆಳು, ಓದೋರ ಕಣ್ಣಿನ ಮೇಲೆ ಉತ್ತರ ಬದಲಾಗುತ್ತೆ. ಬಾಂಗ್ಲಾದೇಶದಲ್ಲಿ ಹೀಗೆ ಟೆಸ್ಟ್ ಮಾಡಿ ವಿಷದ ಬಾವಿಗೆ ಕೆಂಪು, ಸರಿಯಾದ್ದಕ್ಕೆ ಹಸಿರು ಬಣ್ಣ ಹಚ್ಚಿದರು. ಫಿಲ್ಟರಿಗೆ ಒಂದು ಸಲ ಬಣ್ಣ ಹಚ್ಚಿ ಬಿಡೋಕಾಗಲ್ಲ, ಅದರ ಹಸಿರು ಯಾವತ್ತೋ ಒಂದು ದಿನ ಸದ್ದಿಲ್ಲದೆ ಕೆಂಪಾಗುತ್ತೆ. ಕಡಿಮೆ ಬೆಲೆಯ ಸೆನ್ಸರ್ ಒಂದು ಇದರ ಬಾಯಿಗೆ ಕೂರಬೇಕು. ಇಸಿ ಬ್ರಾಂಚಿನವರು ಫೈನಲ್ ಇಯರ್ ಪ್ರಾಜೆಕ್ಟಿಗೆ ಇನ್ನೊಂದು ಆಟೋಮ್ಯಾಟಿಕ್ ಸ್ಟ್ರೀಟ್ ಲೈಟ್ ಮಾಡೋ ಬದಲು ಇದನ್ನು ನೋಡಬಹುದು.

ತುಂಬಿದ ಹರಳನ್ನು ಎಲ್ಲಿ ಹಾಕೋದು ಅನ್ನೋದು ಸಿವಿಲ್‌ನವರ ಪಾಲಿನ ಪ್ರಶ್ನೆ. ತೆರೆದ ಗಾಳಿಯಲ್ಲಿ ಕಬ್ಬಿಣ ಆರ್ಸೆನಿಕ್ಕನ್ನು ಗಟ್ಟಿಯಾಗೇ ಹಿಡಿದಿರುತ್ತೆ. ಅದನ್ನೇ ಕೊಳೆಯೋ ಕಸದ ಜೊತೆ ಹೂತರೆ, ಆಕ್ಸಿಜನ್ ಇಲ್ಲದ ಆ ಕತ್ತಲಲ್ಲಿ ಬಂಗಾಳದ ನೆಲದಡಿ ನಡೆದದ್ದೇ ಮತ್ತೆ ನಡೆಯುತ್ತೆ.