ಗಾಜನ್ನು ತಿನ್ನುವ ಆಮ್ಲ

ಗಂಧಕಾಮ್ಲವು ಮೈಗೆ ತಗುಲಿದೊಡನೆ ಉರಿದು ತನ್ನ ಇರವನ್ನು ಸಾರುತ್ತದೆ. ಹೈಡ್ರೋಫ್ಲೂರಿಕ್ ಆಮ್ಲದ ಗುಣವೇ ಬೇರೆ. ಇದು ಗಾಜನ್ನೇ ಕರಗಿಸುವುದರಿಂದ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಇಡುತ್ತಾರೆ. ಗಾಜಿನ ಮೇಲೆ ಚಿತ್ತಾರ ಕೊರೆಯುವುದಕ್ಕೂ ಉಕ್ಕಿನ ಮೇಲ್ಮೈಯನ್ನು ಶುದ್ಧಿಮಾಡುವುದಕ್ಕೂ ಇದು ಬೇಕು.

ನೀರು ಬೆರೆತ ಈ ಆಮ್ಲವು ಚರ್ಮವನ್ನು ಸೋಕಿದರೆ ಕೆಲವು ಗಂಟೆಗಳವರೆಗೆ ನೋವೇ ತೋರದಿರಬಹುದು. ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಅಂಶವನ್ನು ಸೆಳೆದುಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಗ್ಗಿದರೆ ಹೃದಯದ ಬಡಿತವೇ ತಪ್ಪುತ್ತದೆ. 2012ರಲ್ಲಿ ದಕ್ಷಿಣ ಕೊರಿಯದ ಗೂಮಿಯ ಕಾರ್ಖಾನೆಯೊಂದರಲ್ಲಿ ಇದೇ ವಸ್ತುವು ಅನಿಲರೂಪದಲ್ಲಿ ಸೋರಿ ಐವರು ಮಡಿದರು.

ಆದುದರಿಂದ ಇದು ಸೋಕಿದವರು, ನೋವಿಲ್ಲವೆಂದು ಸುಮ್ಮನಿರದೆ, ಒಡನೆಯೇ ಹೇರಳವಾದ ನೀರಿನಿಂದ ತೊಳೆದುಕೊಂಡು, ಕ್ಯಾಲ್ಸಿಯಂ ಗ್ಲುಕೋನೇಟಿನ ಲೇಪವನ್ನು ಹಚ್ಚಿ ವೈದ್ಯರನ್ನು ಕಾಣತಕ್ಕದ್ದು.