ಹೆಂಗಸರಿಗೆ ಸಂದ ಹೆಸರುಗಳು

ಒಂದು ಭಾಷೆಯು ಸ್ತ್ರೀಯರನ್ನು ಯಾವ ಯಾವ ಹೆಸರುಗಳಿಂದ ಕರೆಯಿತೆಂಬುದನ್ನು ನೋಡಿದರೆ, ಆ ಭಾಷೆಯನ್ನಾಡುವ ಜನರು ಅವರನ್ನು ಹೇಗೆ ನಡೆಯಿಸಿಕೊಂಡರೆಂಬುದು ತಾನಾಗಿಯೇ ತಿಳಿಯುವುದು.

ಶಾಲೆಯ ಹುಡುಗರು ಬಾಯಿಪಾಠ ಮಾಡುವ ಇಂಗ್ಲಿಷ್ ಶಬ್ದಗಳನ್ನೇ ಮೊದಲು ತೆಗೆದುಕೊಳ್ಳೋಣ. ‘ವೈಫ್’ ಎಂದರೆ ಪೂರ್ವದಲ್ಲಿ ಹೆಂಗಸೆಂದಷ್ಟೇ ಅರ್ಥ. ‘ಮಿಡ್‌ವೈಫ್’ ಎಂದರೆ ಹೆರುವವಳ ಜೊತೆಗಿರುವ ಹೆಂಗಸು. ‘ಸ್ಪಿನ್‌ಸ್ಟರ್’ ಎಂದರೆ ನೂಲುವವಳು. ಧಾರವಾಡದ ಹತ್ತಿಯನ್ನು ಮುಂಬಯಿಗೆ ಸಾಗಿಸಿ, ಪೇಟೆಯಲ್ಲಿ ಆ ಹತ್ತಿಗೇ ತನ್ನ ಹೆಸರನ್ನು ಕೊಟ್ಟ ಕುಮಟೆಯವರಿಗೆ ನೂಲುವುದು ಹೀನವಾದ ಕೆಲಸವಲ್ಲವೆಂದು ಹೇಳಬೇಕಾದುದಿಲ್ಲ. ಆದರೂ ಆ ಶಬ್ದವು ಇಂಗ್ಲೆಂಡಿನಲ್ಲಿ ಮದುವೆಯಾಗದವಳೆಂಬ ಅರ್ಥಕ್ಕೆ ತಿರುಗಿ, ಮೆಲ್ಲಮೆಲ್ಲನೆ ಹೀಯಾಳಿಕೆಯಾಯಿತು. ಅಲ್ಲಿಯ ವಿವಾಹದ ದಾಖಲೆಗಳಿಂದ ಅದು ಹೊರಬಿದ್ದುದು 2005ರಲ್ಲಿ. ‘ಹಿಸ್ಟೀರಿಯಾ’ ಎಂಬುದು ಗರ್ಭಕೋಶವೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿತು. ಅಮೆರಿಕದ ಮನೋವೈದ್ಯರ ಸಂಘವು ಆ ಹೆಸರನ್ನು ತನ್ನ ರೋಗಪಟ್ಟಿಯಿಂದ 1980ರಲ್ಲಿ ತೆಗೆದುಹಾಕಿತು. ಗುಹ್ಯಾಂಗಕ್ಕೆ ವೈದ್ಯರು ಕೊಟ್ಟ ‘ಪುಡೆಂಡಮ್’ ಎಂಬ ಲ್ಯಾಟಿನ್ ಹೆಸರಿಗಂತೂ ‘ನಾಚಬೇಕಾದುದು’ ಎಂದೇ ಅರ್ಥ.

ಇದನ್ನೋದಿ ಇಂಗ್ಲಿಷರನ್ನು ನೋಡಿ ನಗುವುದು ಸುಲಭ. ನಮ್ಮ ಮನೆಯ ಲೆಕ್ಕವನ್ನೂ ತೆಗೆಯೋಣ. ಹಳಗನ್ನಡದ ‘ಪೆಂಡಿರ್’ ಎಂದರೆ ಹೆಂಗಸರು; ಇಂದಿನ ‘ಹೆಂಡಿರು’ ಎಂದರೆ ಪತ್ನಿಯರು ಮಾತ್ರ. ‘ಬಸಿರ್’ ಎಂದರೆ ಬರಿಯ ಹೊಟ್ಟೆ. ಗಂಡಸಿಗೂ ಬಸಿರು ಇದ್ದಿತು! ಇವು ನಿರುಪದ್ರವಿಗಳಾದ ಮಾರ್ಪಾಟುಗಳು. ಆದರೆ ತಲೆ ಬೋಳಿಸಿಕೊಂಡವಳೆಂಬ ಅರ್ಥದ ‘ಮುಂಡೆ’ ಎಂಬ ಮಾತು, ಮೊದಲು ವಿಧವೆಗೆ ಹೆಸರಾಗಿ, ಬಳಿಕ ಬೀದಿಯ ಬೈಗುಳಾಯಿತು. ತಿಂಗಳಿಗೊಮ್ಮೆ ಬರುವ ದೇಹಧರ್ಮಕ್ಕೆ ಸಂಸ್ಕೃತದಲ್ಲಿ ಪುಷ್ಪದ, ಋತುವಿನ ಹೆಸರುಂಟು. ನಾವಾದರೋ ‘ಮುಟ್ಟು’ ಎಂದೆವು, ‘ಹೊರಗಾದಳು’ ಎಂದೆವು. ಮೈಯ ಕೆಲಸಕ್ಕೆ ಮನೆಯ ಕಟ್ಟಳೆಯ ಹೆಸರು ಬಿದ್ದಿತು.

ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯವು ‘ಬಂಜೆ’ ಎಂಬ ಶಬ್ದದ್ದು. ಇದಕ್ಕೆ ಪುಲ್ಲಿಂಗವೇ ಇಲ್ಲ. ‘ಷಂಡ’ನೆಂಬುದು ಬೇರೆಯೇ ಕೊರತೆಯ ಹೆಸರು. ಮಕ್ಕಳಾಗದಿರುವುದಕ್ಕೆ ಕಾರಣವು ಅನೇಕ ವೇಳೆ ಗಂಡನಲ್ಲಿಯೇ ಇರುವುದೆಂದು ವೈದ್ಯಶಾಸ್ತ್ರವು ಸಿದ್ಧಪಡಿಸಿದೆ. ಆದರೆ ಹೆಸರಿಲ್ಲದ ದೋಷವನ್ನು ಹುಡುಕುವವರಾರು? ಹೆಂಡತಿಯು ಹರಕೆ ಹೊರುವಳು, ಔಷಧ ಕುಡಿಯುವಳು, ಕಡೆಗೆ ಸವತಿಯನ್ನೂ ಸಹಿಸುವಳು. ಗಂಡನು ಪರೀಕ್ಷೆಗೆ ಹೋಗುವುದಿಲ್ಲ. ಒಂದು ಶಬ್ದದ ಅಭಾವವು ಒಂದು ಸಂಸಾರವನ್ನು ಮುರಿಯಬಲ್ಲದು.

ಭಟ್ಕಳದ ನವಾಯತಿ, ಹೊನ್ನಾವರ ಕುಮಟೆಗಳ ಕೊಂಕಣಿ, ಹಾಲಕ್ಕಿಯವರ ಕನ್ನಡ, ಹವ್ಯಕರ ಕನ್ನಡ, ಇಷ್ಟು ನುಡಿಗಳನ್ನಾಡುವ ಹೆಂಗಸರು ನಮ್ಮ ಕರಾವಳಿಯ ಆಸ್ಪತ್ರೆಗಳಲ್ಲಿ ಒಂದೇ ಬೆಂಚಿನ ಮೇಲೆ ಕೂಡುವರು. ತನ್ನ ಮೈಯ ನೋವನ್ನು ನಾಚಿಕೆಯಿಲ್ಲದೆ ಹೇಳುವ ಮಾತು ಬಾಯಿಗೆ ಬಾರದಿದ್ದರೆ, ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಎದ್ದುಹೋಗುವವಳು ರೋಗವನ್ನೂ ಜೊತೆಗೇ ಒಯ್ಯುವಳು.

ಭಾಷೆಯು ತಿದ್ದಲಾರದ್ದೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ರಜಸ್ಸೂತಕವನ್ನು ಅಲ್ಲಗಳೆದರು. ಆ ಕಾಲದ ಸೂಳೆ ಸಂಕವ್ವೆಯು ತನ್ನ ವೃತ್ತಿಯ ಹೆಸರಿನಿಂದಲೇ ವಚನಕಾರ್ತಿಯರ ಸಾಲಿನಲ್ಲಿ ನಿಂತಿದ್ದಾಳೆ. ಆಕೆಯ ಅಂಕಿತವು ‘ನಿರ್ಲಜ್ಜೇಶ್ವರ’. ಲ್ಯಾಟಿನ್ ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಉತ್ತರವುಂಟೆ? ಹದಿನಾರನೆಯ ಶತಮಾನದಲ್ಲಿ ಹೊನ್ನಾವರ ಸೀಮೆಯ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ ಎಂದರು. ಯಾರ ಪತ್ನಿಯೆಂದಲ್ಲ, ಆಕೆಯ ವ್ಯಾಪಾರದಿಂದಲೇ ಆಕೆಯನ್ನು ಗುರುತಿಸಿದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ, ಹೆರಿಗೆ ಮಾಡಿಸುವವಳೆಂಬ ಹಳ್ಳಿಯ ಮಾತೇ ಬಿರುದಾಗಿ ಬೆಳಗಿತು.

ನಮ್ಮ ಅಧಿಕಾರಿಗಳಿಗೂ ಉಪಾಧ್ಯಾಯರಿಗೂ ಹೇಳತಕ್ಕದ್ದಿಷ್ಟೆ. ಮೈಯ ಅಂಗಗಳಿಗೂ ಧರ್ಮಗಳಿಗೂ ಸರಳವಾದ, ಮರ್ಯಾದೆಯ ಕನ್ನಡ ಹೆಸರುಗಳನ್ನು ಹುಡುಗಿಯರಿಗೂ ಹುಡುಗರಿಗೂ ಒಂದೇ ತರಗತಿಯಲ್ಲಿ ಕಲಿಸಿರಿ. ಮನೆಯ ಯಜಮಾನರಲ್ಲಿಯೂ ಒಂದು ವಿಜ್ಞಾಪನೆ: ‘ಬಂಜೆ’ ಎನ್ನುವ ಮೊದಲು ಒಮ್ಮೆ ವೈದ್ಯರ ಬಳಿಗೆ ತಾವೂ ಹೋಗಿಬನ್ನಿರಿ.