ಹೊರನಾಡಿನ ಯಂತ್ರಕ್ಕೆ ನಮ್ಮೂರಿನ ವಿದ್ಯುತ್ತು

ಕೊಡಗಿನ ಕೆಲವು ಬೆಳೆಗಾರರು ತಮ್ಮ ತೋಟದ ಕಾಫಿಯನ್ನು ತಾವೇ ಹುರಿದು, ಪುಡಿ ಮಾಡಿ ಮಾರುತ್ತಾರೆ. ಹುರಿಯುವ ಹದ ಗೊತ್ತುಮಾಡಿಕೊಳ್ಳಲು ಮೊದಲು ಸ್ವಲ್ಪ ಬೀಜವನ್ನು ಹುರಿದು ನೋಡಬೇಕು. ಅಮೆರಿಕದಲ್ಲಿರುವ ಮಗಳು ಊರಿಗೆ ಬರುವಾಗ ಇದಕ್ಕೆಂದೇ ಒಂದು ಪುಟ್ಟ ಹುರಿಯುವ ಯಂತ್ರ ತಂದಳೆನ್ನೋಣ. ಅದರ ಬೆನ್ನಿನ ಫಲಕದಲ್ಲಿ ‘120 ವೋಲ್ಟ್, 60 ಹರ್ಟ್ಸ್, 1,500 ವಾಟ್’ ಎಂದಿದೆ. ವಿರಾಜಪೇಟೆಯ ಮನೆಯ ಸಾಕೆಟ್ಟಿನಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್. ಅಂಗಡಿಯಲ್ಲಿ ಸಿಗುವ ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಹೊಂದಿಸುತ್ತದೆ, ವಿದ್ಯುತ್ತನ್ನಲ್ಲ. ಹಾಗಾದರೆ ಈ ಯಂತ್ರವನ್ನು ನಡೆಸುವುದು ಹೇಗೆ?

ಇದು ಕಡಲಿನವರಿಗೆ ಹಳೆಯ ಪ್ರಶ್ನೆ. ದೋಣಿ ಅಥವಾ ಹಡಗು ಎಂದರೆ ತನ್ನದೇ ವಿದ್ಯುತ್ತಿರುವ ಒಂದು ದ್ವೀಪ. ಅನೇಕ ಹಡಗುಗಳ ಒಳಗಿನ ವ್ಯವಸ್ಥೆ 440 ವೋಲ್ಟ್, 60 ಹರ್ಟ್ಸ್‌ನದು. ಅಂಥ ಹಡಗು 50 ಹರ್ಟ್ಸ್ ಇರುವ ದೇಶದ ಬಂದರಿನಲ್ಲಿ ನಿಂತು ದಡದ ವಿದ್ಯುತ್ ಪಡೆಯಬೇಕಾದರೆ ನಾಲ್ಕು ಸಂಗತಿಗಳನ್ನು ಹೊಂದಿಸಿಕೊಳ್ಳಬೇಕು: ವೋಲ್ಟೇಜ್, ಆವೃತ್ತಿ, ಭೂಸಂಪರ್ಕ, ಮತ್ತು ಒಂದು ಮೂಲದಿಂದ ಇನ್ನೊಂದಕ್ಕೆ ದಾಟುವ ಕ್ರಮ. ಮಲೆನಾಡಿನ ಮನೆಗೂ ಇದೇ ನಾಲ್ಕು ಮೆಟ್ಟಿಲು. ಒಂದೊಂದಾಗಿ ನೋಡೋಣ.

ವೋಲ್ಟೇಜ್: ಸುಲಭದ ಮೆಟ್ಟಿಲು

120 ವೋಲ್ಟಿನ ಹೀಟರಿಗೆ 230 ವೋಲ್ಟ್ ಕೊಟ್ಟರೆ ಏನಾಗುತ್ತದೆ? ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 230ನ್ನು 120ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 3.67. ಅಂದರೆ 1,500 ವಾಟಿನ ಹೀಟರ್ 5,500 ವಾಟ್ ಎಳೆಯುತ್ತದೆ; ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.

ಇದಕ್ಕೆ ಪರಿಹಾರ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್. 1,500 ವಾಟಿನ ಯಂತ್ರಕ್ಕೆ 2 ಕಿಲೋವೋಲ್ಟ್-ಆಂಪಿಯರ್ ಸಾಮರ್ಥ್ಯದ್ದು ಬೇಕು. ಅದನ್ನು ಅಮೆರಿಕದಿಂದಲೇ ತರುವುದಾದರೆ ಫಲಕದಲ್ಲಿ 50 ಹರ್ಟ್ಸ್ ಎಂದೂ ಇದೆಯೇ ನೋಡಿ. 60 ಹರ್ಟ್ಸ್‌ಗೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ತಾನೇ ಬಿಸಿಯಾಗುತ್ತದೆ. ಕಾರಣ ಮುಂದಿದೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಒಂದು ಅನುಪಾತದಲ್ಲಿ ಇಳಿಸುತ್ತದೆಯೇ ಹೊರತು ಸ್ಥಿರಗೊಳಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ತೋಟದ ಮನೆಗಳಿಗೆ ಉದ್ದನೆಯ ತಂತಿಯಲ್ಲಿ ವಿದ್ಯುತ್ ಬರುವಾಗ, ಸಂಜೆ ಎಲ್ಲರೂ ಬಳಸುವ ಹೊತ್ತಿನಲ್ಲಿ ವೋಲ್ಟೇಜ್ 180ಕ್ಕೆ ಕುಸಿಯಿತೆನ್ನಿ. ಆಗ 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಡುವುದು 86 ವೋಲ್ಟ್ ಮಾತ್ರ. ಹೀಟರಿನ ಶಕ್ತಿ ಅರ್ಧಕ್ಕಿಳಿಯುತ್ತದೆ. ಮುಂದೆ ಒಂದು ಸ್ಟೆಬಿಲೈಸರ್ ಇದ್ದರೆ ಒಳ್ಳೆಯದು.

ಆವೃತ್ತಿ: ಟ್ರಾನ್ಸ್‌ಫಾರ್ಮರ್ ಮುಟ್ಟದ ಸಂಗತಿ

ಪರ್ಯಾಯ ವಿದ್ಯುತ್ತಿನ ಆವೃತ್ತಿಯನ್ನು ನಿರ್ಧರಿಸುವುದು ಜನರೇಟರ್ ತಿರುಗುವ ವೇಗ. ಕೊಡಗಿನಲ್ಲಿ ಹುಟ್ಟುವ ಕಾವೇರಿಯೇ ಇದಕ್ಕೆ ಸಾಕ್ಷಿ. 1902ರಲ್ಲಿ ಅದೇ ನೀರಿನಿಂದ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿದಾಗ ಅದರ ಆವೃತ್ತಿ 25 ಹರ್ಟ್ಸ್ ಇತ್ತು. 50 ಹರ್ಟ್ಸ್ ದೇಶದ ರೂಢಿಯಾದದ್ದು ಆಮೇಲೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ಭಾರತದ ಜಾಲದೊಡನೆ ಕೂಡಿತು. ಅಂದಿನಿಂದ ಆ ಜಾಲದ ಜನರೇಟರುಗಳೆಲ್ಲ ಒಂದೇ ಆವೃತ್ತಿಯ ತಾಳಕ್ಕೆ ತಿರುಗುತ್ತವೆ. ನಮ್ಮ ಮನೆಯ ಟ್ರಾನ್ಸ್‌ಫಾರ್ಮರ್ ಆ ತಾಳವನ್ನು ಬದಲಿಸಲಾರದು.

ಆವೃತ್ತಿ ಬದಲಾದರೆ ಯಾವುದಕ್ಕೆ ತೊಂದರೆ? ಹೀಟರಿಗೆ ಅದರ ಪರಿವೆಯೇ ಇಲ್ಲ. ಕಾರ್ಬನ್ ಬ್ರಷ್ ಇರುವ ಮಿಕ್ಸಿ, ಡ್ರಿಲ್‌ಗಳಿಗೂ ಹೆಚ್ಚೇನೂ ಆಗದು. ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರುಗಳ ಮೇಲೆ ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಪಿನ್ನಿನ ಅಡಾಪ್ಟರ್ ಸಾಕು. ತೊಂದರೆ ಇರುವುದು ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರುಗಳಿಗೆ, ಅಂದರೆ ಫ್ಯಾನು, ಪಂಪು, ಫ್ರಿಜ್ಜಿನ ಕಂಪ್ರೆಸರು ಮುಂತಾದವಕ್ಕೆ.

ಮೋಟಾರಿನ ಕಬ್ಬಿಣದ ತಿರುಳಿನಲ್ಲಿ ಹರಿಯುವ ಕಾಂತ ಅಭಿವಾಹವು ವೋಲ್ಟೇಜನ್ನು ಆವೃತ್ತಿಯಿಂದ ಭಾಗಿಸಿದ ಬೆಲೆಗೆ ಅನುಗುಣವಾಗಿರುತ್ತದೆ. ಅಮೆರಿಕದ ಮೋಟಾರಿಗೆ ಇದು 120/60, ಅಂದರೆ 2. ನಮ್ಮಲ್ಲಿ 110 ವೋಲ್ಟ್ ಕೊಟ್ಟರೆ 110/50, ಅಂದರೆ 2.2, ಶೇಕಡ 10 ಹೆಚ್ಚು. ತಿರುಳು ತಾಳುವ ಮಿತಿ ಮೀರಿದರೆ ಸುರುಳಿ ವಿಪರೀತ ಪ್ರವಾಹ ಎಳೆದು ಕಾಯುತ್ತದೆ. 60 ಹರ್ಟ್ಸ್‌ನ ಟ್ರಾನ್ಸ್‌ಫಾರ್ಮರಿಗೂ ಆಗುವುದು ಇದೇ. ಆದ್ದರಿಂದ ಮೋಟಾರಿಗೆ ಇಲ್ಲಿ ಹಿತವಾದದ್ದು 120 ಅಲ್ಲ, 100 ವೋಲ್ಟ್.

ಹೆಚ್ಚು ಮೋಸಗೊಳಿಸುವುದು ಅಮೆರಿಕದ ಯಂತ್ರವಲ್ಲ. ಸೌದಿ ಅರೇಬಿಯ, ದಕ್ಷಿಣ ಕೊರಿಯಗಳದು. ಅಲ್ಲಿ 220 ವೋಲ್ಟಿನ ಬಳಕೆಯಿದ್ದರೂ ಆವೃತ್ತಿ 60 ಹರ್ಟ್ಸ್. ‘ವೋಲ್ಟೇಜ್ ನಮ್ಮದೇ ಇದೆಯಲ್ಲ’ ಎಂದು 60 ಹರ್ಟ್ಸ್‌ಗೆ ಮಾತ್ರ ಮಾಡಿದ ಫ್ರಿಜ್ಜನ್ನು ನೇರವಾಗಿ ಇಲ್ಲಿ ಜೋಡಿಸಿದರೆ ಈ ಅನುಪಾತ 3.67ರಿಂದ 4.6ಕ್ಕೆ, ಶೇಕಡ 25ರಷ್ಟು ಏರುತ್ತದೆ. ಹಗಲಿರುಳು ಓಡುವ ಕಂಪ್ರೆಸರಿಗೆ ಇದು ತಡೆಯಲಾರದ ಹೊರೆ.

ಈಗ ನಮ್ಮ ಹುರಿಯುವ ಯಂತ್ರಕ್ಕೆ ಬರೋಣ. ಅದರಲ್ಲಿ ಹೀಟರೂ ಇದೆ, ಬಿಸಿಗಾಳಿ ಊದುವ ಇಂಡಕ್ಷನ್ ಮೋಟಾರೂ ಇದೆ. 60ರ ಬದಲು 50 ಹರ್ಟ್ಸ್ ಸಿಕ್ಕಾಗ ಫ್ಯಾನಿನ ವೇಗ ಸುಮಾರು ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಗಾಳಿಯೂ ಶೇಕಡ 83ಕ್ಕೆ ಇಳಿಯುತ್ತದೆ. ಹೀಟರಿಗೆ ಪೂರ್ಣ 120 ವೋಲ್ಟ್ ಕೊಟ್ಟರೆ ಕಡಿಮೆ ಗಾಳಿಗೆ ಹೆಚ್ಚು ಕಾವು ಸೇರಿ ಬೀಜ ಸೀಯುತ್ತದೆ. 110 ವೋಲ್ಟ್ ಕೊಟ್ಟರೆ? ಹೀಟರಿನ ಶಕ್ತಿ ಶೇಕಡ 84ಕ್ಕೆ ಇಳಿಯುತ್ತದೆ. ಗಾಳಿಗೂ ಕಾವಿಗೂ ಮತ್ತೆ ಸಮತೋಲ ಬರುತ್ತದೆ. ಹುರಿಯಲು ತುಸು ಹೆಚ್ಚು ಹೊತ್ತು ಬೇಕು, ಅಷ್ಟೆ. ಮೋಟಾರು ಸ್ವಲ್ಪ ಹೆಚ್ಚು ಬಿಸಿಯಾಗುವುದರಿಂದ ಒಂದು ಸಲ ಹುರಿದ ಮೇಲೆ ಅದನ್ನು ಆರಲು ಬಿಡಬೇಕು.

ಆವೃತ್ತಿಯನ್ನು ನಿಜವಾಗಿಯೇ ಬದಲಿಸಬೇಕೆಂದರೆ ದೋಣಿಯವರ ಉಪಾಯವಿದೆ. ದಡದ ವಿದ್ಯುತ್ತಿನಿಂದ ಬ್ಯಾಟರಿಯನ್ನು ಮಾತ್ರ ತುಂಬಿಸಿ, ಬ್ಯಾಟರಿಯ ನೇರ ವಿದ್ಯುತ್ತಿನಿಂದ 120 ವೋಲ್ಟ್, 60 ಹರ್ಟ್ಸ್‌ನ ಇನ್ವರ್ಟರ್ ನಡೆಸುವುದು. ನೇರ ವಿದ್ಯುತ್ತಾಗುತ್ತಲೇ ಹಳೆಯ ಆವೃತ್ತಿ ಅಳಿದುಹೋಗುತ್ತದೆ. ಮನೆಯಲ್ಲೂ ಹೀಗೆ ಮಾಡಬಹುದು. ಆದರೆ 1,500 ವಾಟಿಗೆ 12 ವೋಲ್ಟಿನ ಬ್ಯಾಟರಿಯಿಂದ 125 ಆಂಪಿಯರಿಗೂ ಮಿಕ್ಕಿದ ಪ್ರವಾಹ ಬೇಕು. ದೀಪ, ಫ್ಯಾನಿಗೆಂದು ಇಟ್ಟ ಸಾಮಾನ್ಯ ಇನ್ವರ್ಟರಿಗೆ ಅದು ಆಗದ ಕೆಲಸ.

ಭೂಸಂಪರ್ಕ: ಜೀವದ ಪ್ರಶ್ನೆ

ಮೇಲಿನ ಎರಡರಲ್ಲಿ ತಪ್ಪಿದರೆ ಯಂತ್ರ ಹೋದೀತು. ಇಲ್ಲಿ ತಪ್ಪಿದರೆ ಮನುಷ್ಯನೇ ಹೋಗುತ್ತಾನೆ.

ಮಾರುಕಟ್ಟೆಯ ಅಗ್ಗದ, ಹಗುರ ಟ್ರಾನ್ಸ್‌ಫಾರ್ಮರುಗಳಲ್ಲಿ ಬಹಳಷ್ಟು ಆಟೋಟ್ರಾನ್ಸ್‌ಫಾರ್ಮರುಗಳು. ಅವುಗಳಲ್ಲಿ ಇರುವುದು ಒಂದೇ ಸುರುಳಿ. ಅದರ ಒಂದು ತುದಿ ನ್ಯೂಟ್ರಲ್, ಇನ್ನೊಂದು ಫೇಸ್. ಮಧ್ಯದಿಂದ 110 ವೋಲ್ಟ್ ತೆಗೆಯುತ್ತಾರೆ. ಸಾಕೆಟ್ಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಯಂತ್ರದ ‘ನ್ಯೂಟ್ರಲ್’ ತಂತಿಯೇ ನೆಲಕ್ಕೆ ಹೋಲಿಸಿದಾಗ 230 ವೋಲ್ಟಿನಲ್ಲಿರುತ್ತದೆ. ಯಂತ್ರದ ಸ್ವಿಚ್ಚು ಅದನ್ನು ಕಡಿಯುವುದಿಲ್ಲ. ಅದು ಕಡಿಯುವುದು ಇನ್ನೊಂದು ತಂತಿಯನ್ನು. ಸ್ವಿಚ್ ಆರಿಸಿ, ‘ಹೇಗೂ 110 ವೋಲ್ಟ್ ತಾನೆ’ ಎಂದು ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಯಂತ್ರ ಬಿಚ್ಚಿದವರಿಗೆ ತಗಲುವುದು 230 ವೋಲ್ಟ್.

ಆದ್ದರಿಂದ ಎರಡು ಪ್ರತ್ಯೇಕ ಸುರುಳಿಗಳ ಐಸೊಲೇಶನ್ ಟ್ರಾನ್ಸ್‌ಫಾರ್ಮರನ್ನೇ ಕೊಳ್ಳಿ. ತೂಕವೂ ಬೆಲೆಯೂ ಹೆಚ್ಚು, ಆದರೆ ಎರಡು ಬದಿಗೂ ತಂತಿಯ ಸಂಬಂಧವಿಲ್ಲ. ಒಂದು ಎಚ್ಚರ: ಮನೆಯ ಮುಖ್ಯ ಫಲಕದಲ್ಲಿರುವ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಆರ್‌ಸಿಸಿಬಿಗೆ ಈ ಟ್ರಾನ್ಸ್‌ಫಾರ್ಮರಿನ ಆಚೆಯ ಸೋರಿಕೆ ಕಾಣುವುದಿಲ್ಲ. ಹಾಗಾಗಿ 110 ವೋಲ್ಟ್ ಬದಿಯ ಒಂದು ತುದಿಯನ್ನೂ ಯಂತ್ರದ ಲೋಹದ ಮೈಯನ್ನೂ ಭೂಸಂಪರ್ಕಕ್ಕೆ ಸೇರಿಸಿ, ಆ ಬದಿಗೆ ಹೊಂದುವ ಬೇರೆ ಆರ್‌ಸಿಸಿಬಿ ಹಾಕಬೇಕು. ಇದು ಪರವಾನಗಿ ಇರುವ ಎಲೆಕ್ಟ್ರಿಶಿಯನ್ ಮಾಡಬೇಕಾದ ಕೆಲಸ. ಭೂಸಂಪರ್ಕದ ಗುಂಡಿಯನ್ನೂ ಮರೆಯಬಾರದು. ಮಳೆಗಾಲದಲ್ಲಿ ತೇವವಿದ್ದ ಮಣ್ಣು ಫೆಬ್ರವರಿ, ಮಾರ್ಚಿನಲ್ಲಿ ಒಣಗಿದಾಗ ಅದರ ರೋಧ ಏರುತ್ತದೆ; ಆಗ ಗುಂಡಿಗೆ ನೀರು ಹಾಕಬೇಕು.

ದಾಟುವ ಕ್ರಮ: ಪಕ್ಕದವರ ಜೀವ

ಹಡಗಿನಲ್ಲಿ ತನ್ನ ಜನರೇಟರನ್ನೂ ದಡದ ತಂತಿಯನ್ನೂ ತಾಳ ಹೊಂದಿಸದೆ ಒಟ್ಟಿಗೆ ಜೋಡಿಸುವುದಿಲ್ಲ. ಒಂದನ್ನು ಕಡಿಯದೆ ಇನ್ನೊಂದು ಸೇರದಂತೆ ಬೀಗವಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋದಾಗ ತೋಟದ ಮನೆಯೂ ದ್ವೀಪವಾಗುತ್ತದೆ, ಜನರೇಟರ್ ಶುರುವಾಗುತ್ತದೆ. ಅದನ್ನು ಎರಡೂ ಕಡೆ ಪಿನ್ನಿರುವ ತಂತಿಯಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ವಿದ್ಯುತ್ ಮನೆಯಿಂದ ಹೊರಗೂ ಹರಿಯುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿ ಕೆಲಸ ಮಾಡಿ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ‘ಭಾರ ತಾಳದೆ ಜನರೇಟರ್ ನಿಂತೀತು’ ಎಂದು ನಂಬುವಂತಿಲ್ಲ. ತಂತಿ ಹತ್ತಿರದಲ್ಲೇ ತುಂಡಾಗಿದ್ದರೆ ಭಾರವೇ ಇರುವುದಿಲ್ಲ. ಅದೇ ಹೊತ್ತಿನಲ್ಲಿ ಮಳೆಯಲ್ಲಿ ಕಂಬ ಹತ್ತಿ, ‘ಲೈನ್ ಆಫ್ ಆಗಿದೆ’ ಎಂದು ತಂತಿ ಮುಟ್ಟುವ ಲೈನ್‌ಮನ್‌ಗೆ ಇದು ತಿಳಿಯುವುದು ಹೇಗೆ?

ಪರಿಹಾರ ಸರಳ: ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವ, ನಡುವೆ ‘ಆಫ್’ ಸ್ಥಾನವಿರುವ ಚೇಂಜ್‌ಓವರ್ ಸ್ವಿಚ್. ಜನರೇಟರ್ ಇರುವ ಮನೆಗೆ ಇದು ಇರಲೇಬೇಕು.

ಹೊರದೇಶದ ಯಂತ್ರ ಕೊಳ್ಳುವ ಮೊದಲು, ಅಥವಾ ತರಿಸುವ ಮೊದಲು, ಅದರ ಫಲಕದ ಚಿತ್ರ ಕಳಿಸಲು ಹೇಳಿ. ವೋಲ್ಟ್, ಹರ್ಟ್ಸ್, ವಾಟ್ ಈ ಮೂರನ್ನೂ ಓದಿ. ಒಳಗೆ ಎಂಥ ಮೋಟಾರಿದೆ ಎಂದು ಕೇಳಿ. ಟ್ರಾನ್ಸ್‌ಫಾರ್ಮರ್, ಆರ್‌ಸಿಸಿಬಿಗಳ ಖರ್ಚು ಕೂಡಿಸಿದರೆ ಅನೇಕ ವೇಳೆ 230 ವೋಲ್ಟ್, 50 ಹರ್ಟ್ಸ್‌ಗೆಂದೇ ಮಾಡಿದ ಯಂತ್ರವನ್ನು ಇಲ್ಲೇ ಕೊಳ್ಳುವುದು ಅಗ್ಗವೆಂದು ಕಂಡುಬಂದೀತು.